ಬಟವಾಡೆಯ ಹಣ ಮನೆ ಸೇರಬೇಕು

(ಅರಸೀಕೆರೆಯಲ್ಲಿ ಗಿರಣಿ ಕೆಲಸಗಾರರೂ ಸಣ್ಣ ವ್ಯಾಪಾರಿಗಳೂ ಸೇರಿದ್ದ ಸಭೆಯಲ್ಲಿ ಶ್ರೀಮತಿ ಯಶೋಧರಾ ದಾಸಪ್ಪನವರನ್ನು ಕುರಿತು ಮಾಡಿದ ಭಾಷಣದ ಪಾಠ)



ಈ ಹೊತ್ತು ನಾವು ಮಾತನಾಡಬೇಕೆಂದಿರುವುದು ಕಾಂಗ್ರೆಸ್ ಪಕ್ಷದಲ್ಲಿ ಬಾಳಿ, ಕಾಂಗ್ರೆಸ್ ಮಂತ್ರಿಮಂಡಲದಲ್ಲಿ ಕುಳಿತಿದ್ದ ಒಬ್ಬ ಹೆಣ್ಣುಮಗಳ ವಿಷಯ. ಸಮಾಜವಾದಿಗಳ ವೇದಿಕೆಯಲ್ಲಿ ಕಾಂಗ್ರೆಸ್ ಮಂತ್ರಿಯ ಗುಣಗಾನವೇ ಎಂದು ನಿಮ್ಮಲ್ಲಿ ಕೆಲವರು ಹುಬ್ಬೇರಿಸಬಹುದು. ಬರಿಯ ಗುಣಗಾನಕ್ಕೆ ನಾವು ಬಂದಿಲ್ಲ. ಪಕ್ಷ ಬೇರೆಯಾದರೂ ಒಳ್ಳೆಯ ಕೆಲಸವನ್ನು ಒಳ್ಳೆಯದೆನ್ನುವ ದೊಡ್ಡ ಮನಸ್ಸು ನಮಗಿರಬೇಕು. ಆ ಕೆಲಸದಿಂದ ಶ್ರಮಜೀವಿಗಳಾದ ನಾವು ಕಲಿಯಬೇಕಾದ್ದೇನು ಎಂದು ನೋಡಿಕೊಳ್ಳುವ ಬುದ್ಧಿಯೂ ಇರಬೇಕು.

ಗಿರಣಿಯಲ್ಲಿ ದುಡಿಯುವವರು ನಾವು ಕೂಲಿಯ ಮಾತನ್ನು ಬೇಕಾದಷ್ಟು ಆಡಿದ್ದೇವೆ. ಕೂಲಿ ಎಷ್ಟು, ತುಟ್ಟಿಭತ್ಯ ಎಷ್ಟು, ಬೋನಸ್ ಎಷ್ಟು ಎಂದು ಮಾಲೀಕರೊಡನೆ ಜಗ್ಗಾಡಿದ್ದೇವೆ. ಆದರೆ ಬಟವಾಡೆಯ ಸಂಜೆ ಗಿರಣಿಯ ಬಾಗಿಲಿನಿಂದ ಹೊರಟ ಹಣದಲ್ಲಿ ಮನೆಯ ಹೊಸ್ತಿಲು ದಾಟಿ ಒಳಗೆ ಹೋಗುವುದು ಎಷ್ಟು? ಈ ಲೆಕ್ಕವನ್ನು ನಾವು ಸಭೆಗಳಲ್ಲಿ ಹೆಚ್ಚಾಗಿ ಎತ್ತುವುದಿಲ್ಲ. ಎತ್ತಿದರೆ ನಮ್ಮ ನಮ್ಮ ಜೇಬನ್ನೇ ನೋಡಿಕೊಳ್ಳಬೇಕಾಗುತ್ತದೆ. ಈ ಲೆಕ್ಕವನ್ನು ಎತ್ತಿದವರು ಯಶೋಧರಮ್ಮನವರು. ಎತ್ತಿದ್ದು ಮಾತ್ರವಲ್ಲ, ಸರ್ಕಾರ ಆ ಲೆಕ್ಕವನ್ನು ತಿರುಗಿಸಿ ಬರೆದ ದಿನ ಮಂತ್ರಿಪದವಿಯನ್ನೇ ಬಿಟ್ಟು ಬಂದರು.

ಯಾರು ಈ ಯಶೋಧರಮ್ಮ?

ಅವರು ಹುಟ್ಟಿದ್ದು ೧೯೦೫ರ ಮೇ ೨೮ರಂದು, ಬೆಂಗಳೂರಿನಲ್ಲಿ. ತಂದೆ ಕೆ. ಎಚ್. ರಾಮಯ್ಯನವರು ಸಮಾಜಸೇವೆಯಲ್ಲಿ ಹೆಸರಾದವರು. ಕೈಹಿಡಿದವರು ಎಚ್. ಸಿ. ದಾಸಪ್ಪನವರು, ವಕೀಲರು, ಮೈಸೂರು ಕಾಂಗ್ರೆಸ್ಸಿನ ಮುಂದಾಳುಗಳಲ್ಲಿ ಒಬ್ಬರು, ಮುಂದೆ ೧೯೬೩–೬೪ರಲ್ಲಿ ಕೇಂದ್ರದ ರೈಲ್ವೆ ಮಂತ್ರಿಗಳು. ಹೀಗೆ ಅನುಕೂಲಸ್ಥರ ಮನೆಯಲ್ಲಿ ಹುಟ್ಟಿ, ಅನುಕೂಲಸ್ಥರ ಮನೆ ಸೇರಿದ ಹೆಣ್ಣುಮಗಳು ಅವರು. ಸುಖವಾಗಿ ಇರಬೇಕೆಂದಿದ್ದರೆ ಯಾರ ಅಡ್ಡಿಯೂ ಇರಲಿಲ್ಲ.

ಆದರೆ ಆ ಕಾಲ ಸುಖವಾಗಿ ಕೂರಲು ಬಿಡುವ ಕಾಲವಾಗಿರಲಿಲ್ಲ. ೧೯೩೮ರ ಏಪ್ರಿಲಿನಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ ನಿಷೇಧವನ್ನು ಮುರಿದು ಧ್ವಜ ಏರಿಸಲಾಯಿತು. ಅದೇ ತಿಂಗಳ ೨೫ರಂದು ವಿದುರಾಶ್ವತ್ಥದಲ್ಲಿ ಗೋಲಿಬಾರಾಗಿ ಜನ ಸತ್ತರು. ಬ್ರಿಟಿಷರ ಆಳ್ವಿಕೆಯ ವಿರುದ್ಧ ಹೋರಾಡುವುದರ ಜೊತೆಗೆ, ಅರಮನೆಯ ಹೆಸರಿನಲ್ಲಿ ದಿವಾನರು ನಡೆಸುತ್ತಿದ್ದ ಆಡಳಿತದ ಎದುರು ಜವಾಬ್ದಾರಿ ಸರ್ಕಾರಕ್ಕಾಗಿ ಹೋರಾಡುವ ಕೆಲಸವೂ ಮೈಸೂರಿನವರ ಹೆಗಲ ಮೇಲೆ ಬಿದ್ದಿತ್ತು. ಈ ಹೋರಾಟಕ್ಕೆ ಬೀದಿಗಿಳಿದ ಹೆಂಗಸರಲ್ಲಿ ಯಶೋಧರಮ್ಮನವರು ಒಬ್ಬರು. ೧೯೪೨ರ ಚಳವಳಿಯಲ್ಲಿ ತಲೆಮರೆಸಿಕೊಂಡು ಕೆಲಸ ಮಾಡುತ್ತಿದ್ದ ಕಾರ್ಯಕರ್ತರಿಗೆ ಅವರ ಮನೆಯೇ ಆಸರೆ, ಅವರ ಮನೆಯೇ ಸಭಾಸ್ಥಾನ. ಮನೆಗೆ ಪೋಲೀಸರು ಯಾವ ಗಳಿಗೆಯಲ್ಲಿ ಬರುವರೋ ಎಂಬ ಸ್ಥಿತಿಯಲ್ಲಿ ಬಂದವರಿಗೆ ಅನ್ನ ಬಡಿಸಿ, ಮಲಗಲು ಜಾಗ ಕೊಟ್ಟು, ಬೆಳಗಾಗುವ ಮುಂಚೆ ಕಳಿಸಿಕೊಡುವ ಕೆಲಸ ಸಾಮಾನ್ಯವಾದದ್ದಲ್ಲ. ಇಂಥ ಕೆಲಸಕ್ಕೆ ತಾಮ್ರಪತ್ರ ಸಿಕ್ಕುವುದು ಕಡಿಮೆ.

ತುರುವನೂರಿನ ಈಚಲು ಮರಗಳು

ಇವೆಲ್ಲಕ್ಕಿಂತ ನಮಗೆ ಮುಖ್ಯವಾದದ್ದು ೧೯೩೯ರ ಅರಣ್ಯ ಸತ್ಯಾಗ್ರಹ. ಚಿತ್ರದುರ್ಗದ ಬಳಿ ತುರುವನೂರು ಎಂಬ ಊರುಂಟು. ಅಲ್ಲಿ ಸತ್ಯಾಗ್ರಹಿಗಳು ಕೊಡಲಿ ಹಿಡಿದು ಈಚಲು ಮರಗಳನ್ನು ಕಡಿದರು. ಮುಂದಾಳಾಗಿ ನಿಂತವರು ಎಸ್. ನಿಜಲಿಂಗಪ್ಪನವರು. ಈ ಹೆಸರನ್ನು ನೆನಪಿನಲ್ಲಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ. ಆ ಚಳವಳಿಯಲ್ಲಿ ಸಾವಿರಕ್ಕೂ ಮಿಕ್ಕಿದ ಜನ ದಸ್ತಗಿರಿಯಾದರು. ಹೆಂಗಸರೂ ಹಿಂದೆ ಬೀಳಲಿಲ್ಲ. ಬಳ್ಳಾರಿ ಸಿದ್ದಮ್ಮನವರು ಸೆರೆಮನೆಗೆ ಹೋದರು. ೧೯೫೨ರಲ್ಲಿ ಅದೇ ಸಿದ್ದಮ್ಮನವರನ್ನು ಗಿರಣಿಗಳ ಊರಾದ ದಾವಣಗೆರೆ ತನ್ನ ಪ್ರತಿನಿಧಿಯಾಗಿ ಶಾಸನಸಭೆಗೆ ಕಳಿಸಿತು. ಯಶೋಧರಮ್ಮನವರೂ ಆ ಸತ್ಯಾಗ್ರಹದಲ್ಲಿ ಪಾಲುಗೊಂಡರು.

ಸ್ವಾತಂತ್ರ್ಯದ ಚಳವಳಿಗೂ ಈಚಲು ಮರಕ್ಕೂ ಏನು ಸಂಬಂಧ ಎಂದು ಇಂದಿನ ಹುಡುಗರು ಕೇಳಬಹುದು. ಸಂಬಂಧ ಬಹಳ ಉಂಟು. ಈಚಲು ಮರದಿಂದ ಹೆಂಡ ಇಳಿಯುತ್ತದೆ. ಹೆಂಡ ಮಾರುವ ಹಕ್ಕನ್ನು ಆಗ ಸರ್ಕಾರ ಹರಾಜು ಹಾಕುತ್ತಿತ್ತು. ಹರಾಜು ಹಿಡಿದ ಕಂತ್ರಾಟುದಾರ ಹಳ್ಳಿ ಹಳ್ಳಿಯಲ್ಲಿ ಅಂಗಡಿ ಇಡುತ್ತಿದ್ದ. ಕೂಲಿಯವನು ದುಡಿದ ಹಣ ಅಂಗಡಿಗೆ, ಅಂಗಡಿಯಿಂದ ಕಂತ್ರಾಟುದಾರನಿಗೆ, ಅವನಿಂದ ಬೊಕ್ಕಸಕ್ಕೆ ಹೋಗುತ್ತಿತ್ತು. ಹಾಗಾಗಿ ಆ ಮರಕ್ಕೆ ಕೊಡಲಿ ಹಾಕಿದವರು ಒಂದೇ ಏಟಿಗೆ ಎರಡನ್ನು ಕಡಿಯುತ್ತಿದ್ದರು: ಸರ್ಕಾರದ ಅರಣ್ಯ ಕಾನೂನನ್ನೂ ಬಡವನ ಕೂಲಿಯನ್ನು ಹೀರುವ ಬೇರನ್ನೂ. ಪಾನನಿರೋಧವೆಂದರೆ ಮಡಿವಂತರ ನೀತಿಬೋಧೆ ಎಂದು ಮೂಗು ಮುರಿಯುವವರು ತುರುವನೂರನ್ನು ನೆನೆಯಬೇಕು. ಅಲ್ಲಿ ಅದು ರೊಟ್ಟಿಯ ಪ್ರಶ್ನೆಯಾಗಿತ್ತು, ರಾಜಸ್ವದ ಪ್ರಶ್ನೆಯಾಗಿತ್ತು.

ನಮ್ಮೂರಿನ ಸಂಬಂಧ

ಯಶೋಧರಮ್ಮನವರಿಗೂ ನಮ್ಮ ಅರಸೀಕೆರೆಗೂ ಇರುವ ನಂಟನ್ನು ಇಲ್ಲಿ ಹೇಳಲೇಬೇಕು. ಕಸ್ತೂರ್ಬಾ ಅವರು ೧೯೪೪ರ ಫೆಬ್ರವರಿ ೨೨ರಂದು ಪುಣೆಯ ಆಗಾಖಾನ್ ಅರಮನೆಯ ಸೆರೆಯಲ್ಲೇ ಕಣ್ಣು ಮುಚ್ಚಿದರು. ಅವರ ನೆನಪಿಗೆ ೭೫ ಲಕ್ಷ ರೂಪಾಯಿ ಕೂಡಿಸಿ ಗಾಂಧೀಜಿಯವರ ೭೫ನೆಯ ಹುಟ್ಟುಹಬ್ಬಕ್ಕೆ ಒಪ್ಪಿಸಬೇಕೆಂದು ದೇಶ ಸಂಕಲ್ಪ ಮಾಡಿತು. ಕೂಡಿದ್ದು ಒಂದು ಕೋಟಿಗೂ ಹೆಚ್ಚು. ಆ ಹಣವನ್ನು ಹಳ್ಳಿಯ ಹೆಂಗಸರಿಗೂ ಮಕ್ಕಳಿಗೂ ಮೀಸಲಿಡಬೇಕೆಂದು ಗಾಂಧೀಜಿ ಬಯಸಿದರು. ಹೀಗೆ ಹುಟ್ಟಿದ್ದು ಕಸ್ತೂರ್ಬಾ ಗಾಂಧಿ ರಾಷ್ಟ್ರೀಯ ಸ್ಮಾರಕ ನಿಧಿ. ಅದರ ಕರ್ನಾಟಕ ಶಾಖೆಗೆ ನೆಲೆಯಾದದ್ದು ನಮ್ಮ ಅರಸೀಕೆರೆಯ ಕಸ್ತೂರ್ಬಾ ಗ್ರಾಮ. ಆ ಶಾಖೆಯ ಹೊಣೆ ಹೊತ್ತವರು ಯಶೋಧರಮ್ಮನವರು.

ಈ ನಿಧಿಯ ಕೆಲಸ ದೊಡ್ಡ ಸದ್ದಿನದಲ್ಲ. ಹಳ್ಳಿಯ ಹೆಣ್ಣುಮಕ್ಕಳನ್ನು ಗ್ರಾಮಸೇವಿಕೆಯರನ್ನಾಗಿ ತಯಾರು ಮಾಡುವುದು, ಹೆರಿಗೆ ಮಾಡಿಸುವ ಸೂಲಗಿತ್ತಿಯರಿಗೆ ಶುಚಿಯ ವಿದ್ಯೆ ಕಲಿಸುವುದು, ಬಾಲವಾಡಿ ನಡೆಸುವುದು, ಗಂಡ ಸತ್ತವಳಿಗೂ ಗಂಡ ಬಿಟ್ಟವಳಿಗೂ ಕೈಗೊಂದು ಕಸಬು ಕೊಡುವುದು. ಇಂಥ ಕೆಲಸದಲ್ಲಿ ಇರುವವರಿಗೆ ಒಂದು ಸಂಗತಿ ಬೇಗ ಗೊತ್ತಾಗುತ್ತದೆ. ಹಸಿದ ಮಗು ಯಾವ ಮನೆಯಿಂದ ಬಂತು, ಅಪ್ಪನಿಗೆ ಕೂಲಿ ಇಲ್ಲದ್ದರಿಂದ ಹಸಿದು ಬಂತೋ, ಕೂಲಿ ಇದ್ದೂ ಹಸಿದು ಬಂತೋ ಎಂಬುದು ಬಾಲವಾಡಿಯ ಸೇವಿಕೆಗೆ ತಿಳಿದಷ್ಟು ಕಾರ್ಮಿಕ ಇಲಾಖೆಯ ಅಧಿಕಾರಿಗೆ ತಿಳಿಯದು.

ಕಾಯಿದೆಗಳ ಕಾಲ

೧೯೬೨ರ ಚುನಾವಣೆಯಲ್ಲಿ ನಿಜಲಿಂಗಪ್ಪನವರು ಹೊಸದುರ್ಗದಲ್ಲಿ ಸೋತರು. ಎಸ್. ಆರ್. ಕಂಠಿಯವರು ಮಾರ್ಚಿಯಿಂದ ಜೂನ್‌ವರೆಗೆ ಕೆಲವೇ ತಿಂಗಳು ಮುಖ್ಯಮಂತ್ರಿಗಳಾದರು. ಆ ಮಂತ್ರಿಮಂಡಲದಲ್ಲಿ ಯಶೋಧರಮ್ಮನವರಿಗೆ ಸ್ಥಾನ ದೊರೆಯಿತು. ಆಮೇಲೆ ನಿಜಲಿಂಗಪ್ಪನವರ ಮಂತ್ರಿಮಂಡಲದಲ್ಲಿ ಅವರು ಸಮಾಜ ಕಲ್ಯಾಣದ ಖಾತೆಯನ್ನು ನೋಡಿಕೊಂಡರು. ನಮ್ಮ ರಾಜ್ಯದಲ್ಲಿ ಮಂತ್ರಿಯ ಕುರ್ಚಿಗೆ ಮೊದಮೊದಲು ಬಂದ ಹೆಣ್ಣುಮಕ್ಕಳಲ್ಲಿ ಅವರು ಒಬ್ಬರು.

ಅದು ಎಂಥ ಕಾಲ ಎಂಬುದನ್ನು ಸ್ವಲ್ಪ ನೋಡಬೇಕು. ೧೯೪೮ರಲ್ಲಿ ಕಾರ್ಖಾನೆಗಳ ಕಾಯಿದೆ ಬಂದಿತ್ತು. ೫೦ಕ್ಕೂ ಹೆಚ್ಚು ಹೆಂಗಸರು ದುಡಿಯುವ ಕಾರ್ಖಾನೆಯಲ್ಲಿ ಕೂಸುಗಳಿಗೆ ಒಂದು ಕೋಣೆ ಇರಬೇಕೆಂದು ಅದು ಹೇಳಿತು. ೧೯೭೬ರಲ್ಲಿ ಆ ಸಂಖ್ಯೆ ೩೦ಕ್ಕೆ ಇಳಿಯಿತು. ೧೯೫೧ರಲ್ಲಿ ತೋಟ ಕಾರ್ಮಿಕರ ಕಾಯಿದೆ ಬಂದಿತು. ನಮ್ಮ ಬೇಲೂರು ಕಡೆಯ ಕಾಫಿ ತೋಟಗಳಲ್ಲಿ ಹಣ್ಣು ಬಿಡಿಸುವ ಹೆಂಗಸರಿಗೆ ಮನೆ, ಔಷಧಿ, ಕೂಸಿನ ಮನೆ ಕೊಡಬೇಕಾದ್ದು ಮಾಲೀಕನ ಧರ್ಮವಲ್ಲ, ಕರ್ತವ್ಯ ಎಂದು ಮೊದಲ ಸಲ ಬರೆದಿಟ್ಟದ್ದು ಅದು. ೨೫ ಎಕರೆಗೂ ೩೦ ಆಳುಗಳಿಗೂ ಕಡಿಮೆಯಾದ ತೋಟಗಳು ಆಗ ಅದರ ಕೈಗೆ ಸಿಕ್ಕಲಿಲ್ಲ ಎಂಬುದು ಬೇರೆ ಮಾತು. ೧೯೬೧ರಲ್ಲಿ ಪಾರ್ಲಿಮೆಂಟು ಹೆರಿಗೆ ಸೌಲಭ್ಯದ ಕಾಯಿದೆಯನ್ನು ಮಾಡಿತು. ಹೆರಿಗೆಗೆ ೧೨ ವಾರ, ಸಂಬಳದೊಡನೆ. ಆದರೆ ಅದನ್ನು ಪಡೆಯಲು ಮೊದಲು ೧೬೦ ದಿನ ದುಡಿದಿರಬೇಕಾಗಿತ್ತು. ೧೯೮೮ರಲ್ಲಿ ೮೦ ದಿನವೆಂದಾಯಿತು. ೨೦೧೭ರಲ್ಲಿ ಮೊದಲ ಎರಡು ಮಕ್ಕಳಿಗೆ ೨೬ ವಾರವಾಯಿತು. ೨೦೨೫ರ ನವೆಂಬರಿನಲ್ಲಿ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆ ಈ ಕಾಯಿದೆಯನ್ನು ತನ್ನೊಳಗೆ ಸೇರಿಸಿಕೊಂಡಿದೆ. ೨೬ ವಾರ ಹಾಗೆಯೇ ಉಳಿದಿದೆ.

ಇವೆಲ್ಲ ದುಡಿಯುವ ಹೆಣ್ಣಿಗೆ ಶಾಸನಸಭೆಗಳು ಕೊಟ್ಟ ವರಗಳೆಂದು ಯಾರೂ ತಿಳಿಯಬೇಡಿ. ಇವು ಗಿರಣಿಯ ಬಾಗಿಲಿನಲ್ಲಿ ಕೂಗಿ, ಹರತಾಳ ಹೂಡಿ, ಪಾರ್ಲಿಮೆಂಟಿನ ಒಳಗೆ ಹೆಣ್ಣುಸದಸ್ಯರು ಎದ್ದು ನಿಂತು ಕೇಳಿ ಕೇಳಿ ಪಡೆದವು. ನಮ್ಮ ಸಂವಿಧಾನದ ೩೯ನೆಯ ಅನುಚ್ಛೇದ ಗಂಡಿಗೂ ಹೆಣ್ಣಿಗೂ ಸಮ ಕೆಲಸಕ್ಕೆ ಸಮ ಕೂಲಿ ಎನ್ನುತ್ತದೆ. ೪೨ನೆಯದು ದುಡಿಮೆಯ ಸ್ಥಿತಿ ಮಾನವೀಯವಾಗಿರಲಿ, ಹೆರಿಗೆಗೆ ನೆರವಿರಲಿ ಎನ್ನುತ್ತದೆ. ಅದೇ ಸಾಲಿನಲ್ಲಿ ಸ್ವಲ್ಪ ಮುಂದೆ ೪೭ನೆಯದು ಬರುತ್ತದೆ: ಜನರ ಆಹಾರ, ಆರೋಗ್ಯಗಳ ಮಟ್ಟವನ್ನು ಏರಿಸುವುದು ರಾಜ್ಯದ ಮೊದಲ ಕರ್ತವ್ಯಗಳಲ್ಲಿ ಒಂದು, ಮಾದಕ ಪಾನೀಯಗಳನ್ನು ನಿಷೇಧಿಸಲು ಅದು ಯತ್ನಿಸಬೇಕು. ಕೂಲಿಯ ಮಾತು, ಹೆರಿಗೆಯ ಮಾತು, ಹೆಂಡದ ಮಾತು ಮೂರೂ ಒಂದೇ ಅಧ್ಯಾಯದಲ್ಲಿವೆ. ಸಂವಿಧಾನ ಬರೆದವರು ಇವನ್ನು ಒಟ್ಟಿಗೆ ಇಟ್ಟದ್ದು ಕಣ್ಣು ಮುಚ್ಚಿಕೊಂಡಲ್ಲ.

ಒಂದು ಸಣ್ಣ ಲೆಕ್ಕ ಹಾಕೋಣ. ದಿನಕ್ಕೆ ೫೦೦ ರೂಪಾಯಿ ಕೂಲಿಯವನು ತಿಂಗಳಲ್ಲಿ ೨೬ ದಿನ ದುಡಿದರೆ ೧೩,೦೦೦ ರೂಪಾಯಿ. ದಿನಕ್ಕೆ ೧೫೦ ರೂಪಾಯಿಯನ್ನು ಮದ್ಯದ ಅಂಗಡಿಯಲ್ಲಿ ಬಿಟ್ಟರೆ ೩೦ ದಿನಕ್ಕೆ ೪,೫೦೦. ಮನೆಗೆ ಉಳಿದದ್ದು ೮,೫೦೦. ಈಗ ಸಂಘದವರು ಆರು ತಿಂಗಳು ಹೋರಾಡಿ ದಿನಕ್ಕೆ ೨೦ ರೂಪಾಯಿ ಹೆಚ್ಚು ಕೊಡಿಸಿದರು ಎನ್ನಿ. ತಿಂಗಳಿಗೆ ೫೨೦ ರೂಪಾಯಿ ಬಂತು. ಆರು ತಿಂಗಳ ಹೋರಾಟದ ಆ ಫಲ ನಾಲ್ಕು ಸಂಜೆಗಳಲ್ಲಿ ಕರಗಿಹೋಯಿತು! ತೂತು ಮಡಕೆಗೆ ಎಷ್ಟು ಕೊಡ ನೀರು ಹೊಯ್ದರೇನು?

ಸಣ್ಣ ವ್ಯಾಪಾರಿಗಳು ಇದು ನಮ್ಮ ಮಾತಲ್ಲ ಎಂದು ಕೂರುವಂತಿಲ್ಲ. ನಿಮ್ಮ ಉದ್ರಿ ಪುಸ್ತಕವನ್ನು ತೆಗೆದು ನೋಡಿ. ಅಕ್ಕಿ, ಬೇಳೆ, ಎಣ್ಣೆಯನ್ನು ತಿಂಗಳೆಲ್ಲ ಸಾಲ ಕೊಟ್ಟವರು ನೀವು. ಬಟವಾಡೆಯ ಸಂಜೆ ರೊಕ್ಕ ಎಣಿಸಿಕೊಳ್ಳುವವನು ಮದ್ಯದ ಅಂಗಡಿಯವನು. ಅವನಲ್ಲಿ ಉದ್ರಿ ನಡೆಯುವುದಿಲ್ಲ. ಮುಂದಿನ ತಿಂಗಳು ಅಂಗಡಿಯ ಬಾಗಿಲಿಗೆ ಬಂದು ತಲೆ ತಗ್ಗಿಸಿ ನಿಲ್ಲುವವಳು ಆ ಮನೆಯ ಹೆಂಗಸು. ಅವಳಿಗೆ ಇಲ್ಲವೆನ್ನಲಾರದೆ, ಹೌದೆನ್ನಲಾರದೆ ಒದ್ದಾಡುವವರು ನೀವು. ಕೊಬ್ಬರಿ ಮಂಡಿಯ ಹಮಾಲಿಯಿಂದ ಹಿಡಿದು ಹಳೇಬೀಡಿನ ಗುಡಿಯ ಮುಂದೆ ಎಳನೀರು ಮಾರುವವರವರೆಗೆ ಎಲ್ಲರ ಲೆಕ್ಕವೂ ಇದೇ.

ಪದವಿಯೋ, ಮಾತೋ?

ಈಗ ಮುಖ್ಯ ಸಂಗತಿಗೆ ಬರೋಣ. ೧೯೬೧ರಲ್ಲಿ ಮೈಸೂರು ರಾಜ್ಯಕ್ಕೆ ಪಾನನಿರೋಧದ ಕಾಯಿದೆ ಆಗಿತ್ತು. ಆದರೆ ಕೆಲವೇ ವರ್ಷಗಳಲ್ಲಿ ಬೊಕ್ಕಸದವರ ಗೊಣಗಾಟ ಮೊದಲಾಯಿತು. ಕಳ್ಳಭಟ್ಟಿ ಹೆಚ್ಚಿದೆ, ಪೋಲೀಸರ ಖರ್ಚು ಹೆಚ್ಚಿದೆ, ಆದಾಯ ಮಾತ್ರ ಹೋಗಿದೆ. ನೆರೆಯ ರಾಜ್ಯಗಳಲ್ಲಿ ಅಂಗಡಿಗಳು ತೆರೆದಿರುವಾಗ ನಾವೊಬ್ಬರೇ ಏಕೆ ನಷ್ಟ ತಿನ್ನಬೇಕು ಎಂಬ ವಾದ. ೧೯೬೫ರ ಅಬ್ಕಾರಿ ಕಾಯಿದೆ ೧೯೬೭ರ ಅಕ್ಟೋಬರಿನಲ್ಲಿ ಜಾರಿಗೆ ಬಂದಿತು. ಪಾನನಿರೋಧ ಹೋಯಿತು, ಹರಾಜು ಮತ್ತೆ ಬಂದಿತು.

ಆಗ ಮುಖ್ಯಮಂತ್ರಿಗಳು ಯಾರು? ನಿಜಲಿಂಗಪ್ಪನವರು. ೧೯೩೯ರಲ್ಲಿ ತುರುವನೂರಿನಲ್ಲಿ ಈಚಲು ಮರಕ್ಕೆ ಕೊಡಲಿ ಹಾಕಿಸಿ ಸೆರೆಮನೆಗೆ ಹೋಗಿದ್ದ ಅದೇ ನಿಜಲಿಂಗಪ್ಪನವರು. ೨೮ ವರ್ಷಗಳಲ್ಲಿ ಕೊಡಲಿ ಹಿಡಿದ ಕೈ ಹರಾಜಿನ ಕಾಗದಕ್ಕೆ ರುಜು ಹಾಕುವ ಸ್ಥಾನಕ್ಕೆ ಬಂದಿತ್ತು. ಅವರು ಕೆಟ್ಟವರೆಂದು ನಾವು ಹೇಳುವುದಿಲ್ಲ. ನಾಡಿನ ಏಕೀಕರಣಕ್ಕೆ ದುಡಿದ ಹಿರಿಯರು ಅವರು. ಬೊಕ್ಕಸದ ಬೀಗದಕೈ ಕೈಗೆ ಬಂದ ಮೇಲೆ ಎಂಥವರ ಕಣ್ಣಿಗೂ ಲೋಕ ಬೇರೆಯಾಗಿ ಕಾಣುತ್ತದೆ ಎಂಬುದನ್ನಷ್ಟೇ ನಾವು ಗಮನಿಸಬೇಕು.

ಯಶೋಧರಮ್ಮನವರ ಕಣ್ಣಿಗೆ ಬೇರೆಯಾಗಿ ಕಾಣಲಿಲ್ಲ. ಪಾನನಿರೋಧವನ್ನು ತೆಗೆಯುವ ತೀರ್ಮಾನವನ್ನು ಪ್ರತಿಭಟಿಸಿ ಅವರು ಮಂತ್ರಿಪದವಿಗೆ ರಾಜೀನಾಮೆ ಕೊಟ್ಟರು.

ಬಂಧುಗಳೇ, ರಾಜೀನಾಮೆಗಳನ್ನು ನಾವು ಬೇಕಾದಷ್ಟು ಕಂಡಿದ್ದೇವೆ. ಖಾತೆ ಚಿಕ್ಕದಾಯಿತೆಂದು ರಾಜೀನಾಮೆ, ಅಳಿಯನಿಗೆ ಟಿಕೆಟ್ಟು ಸಿಗಲಿಲ್ಲವೆಂದು ರಾಜೀನಾಮೆ, ಆ ಪಕ್ಷದಿಂದ ಈ ಪಕ್ಷಕ್ಕೆ ಹಾರಲು ರಾಜೀನಾಮೆ. ಹೆಂಡದ ಅಂಗಡಿ ತೆರೆಯಬಾರದೆಂದು ರಾಜೀನಾಮೆ ಕೊಟ್ಟ ಮಂತ್ರಿಗಳನ್ನು ಎಣಿಸಲು ಎಷ್ಟು ಬೆರಳು ಬೇಕು? ಸಮಾಜ ಕಲ್ಯಾಣದ ಮಂತ್ರಿಯೆಂದು ಕುಳಿತು, ಒಂದು ಕೈಯಿಂದ ಬಾಲವಾಡಿಗೆ ಹಣ ಕೊಟ್ಟು, ಆ ಹಣವನ್ನು ಅದೇ ಮಗುವಿನ ಅಪ್ಪನ ಜೇಬಿನಿಂದ ಇನ್ನೊಂದು ಕೈಯಲ್ಲಿ ಎತ್ತುವ ಸರ್ಕಾರದಲ್ಲಿ ಇರುವುದು ಹೇಗೆ? ಈ ಪ್ರಶ್ನೆಗೆ ಅವರು ಭಾಷಣದಲ್ಲಿ ಉತ್ತರ ಕೊಟ್ಟು ಸುಮ್ಮನಾಗಬಹುದಿತ್ತು. ಕುರ್ಚಿಯಿಂದ ಎದ್ದು ಉತ್ತರ ಕೊಟ್ಟರು.

ಸಮುದ್ರದಾಚೆಯ ಒಂದು ಉದಾಹರಣೆ

ಈ ಕೆಲಸದ ಬೆಲೆ ತಿಳಿಯಬೇಕಾದರೆ ಇನ್ನೊಬ್ಬ ಹೆಣ್ಣುಮಗಳ ಕಥೆಯನ್ನು ಪಕ್ಕದಲ್ಲಿ ಇಟ್ಟು ನೋಡಬೇಕು. ಇಂಗ್ಲೆಂಡಿನ ಮಾರ್ಗರೆಟ್ ಬಾಂಡ್‌ಫೀಲ್ಡ್ ೧೮೭೩ರಲ್ಲಿ ಬಡ ಮನೆಯಲ್ಲಿ ಹುಟ್ಟಿ, ೧೪ನೆಯ ವಯಸ್ಸಿಗೆ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದವರು. ಅಂಗಡಿ ನೌಕರರ ಸಂಘವನ್ನು ಕಟ್ಟಲು ದುಡಿದರು. ೧೯೨೩ರಲ್ಲಿ ಪಾರ್ಲಿಮೆಂಟಿಗೆ ಆಯ್ಕೆಯಾದರು. ೧೯೨೯ರಲ್ಲಿ ಲೇಬರ್ ಪಕ್ಷದ ಸರ್ಕಾರ ಬಂದಾಗ ಕಾರ್ಮಿಕ ಮಂತ್ರಿಯಾದರು. ಬ್ರಿಟನ್ನಿನ ಸಂಪುಟದಲ್ಲಿ ಕುಳಿತ ಮೊದಲ ಮಹಿಳೆ ಅವರೇ. ಅಂಗಡಿಯ ಹುಡುಗಿ ಸಂಪುಟ ಸೇರಿದ್ದು ಲೋಕದ ದುಡಿಯುವವರೆಲ್ಲ ಹೆಮ್ಮೆಪಡುವ ಸಂಗತಿ.

ಆಮೇಲೆ ಏನಾಯಿತು? ಲೋಕವೆಲ್ಲ ಆರ್ಥಿಕ ಮುಗ್ಗಟ್ಟಿಗೆ ಸಿಕ್ಕಿತು. ನಿರುದ್ಯೋಗಿಗಳ ಸಂಖ್ಯೆ ಏರಿತು, ಖಜಾನೆ ಬರಿದಾಯಿತು. ೧೯೩೧ರಲ್ಲಿ ಅವರ ಇಲಾಖೆಯೇ ಒಂದು ಕಾಯಿದೆ ತಂದಿತು. ಅದರ ಫಲವಾಗಿ ಮದುವೆಯಾದ ಎಷ್ಟೋ ಕೆಲಸಗಾರ ಹೆಂಗಸರು, ವಿಮೆಯ ಕಂತು ಕಟ್ಟಿದ್ದರೂ, ನಿರುದ್ಯೋಗ ಭತ್ಯವನ್ನು ಕಳೆದುಕೊಂಡರು. ಖಜಾನೆಯ ಕಷ್ಟ ನಿಜವೇ ಇತ್ತು. ಆದರೆ ಆ ಕಷ್ಟದ ಹೊರೆ ಬಿದ್ದದ್ದು ಯಾರ ತಲೆಯ ಮೇಲೆ? ಯಾರ ಪರವಾಗಿ ಅವರು ಹೋರಾಡಿ ಬಂದಿದ್ದರೋ ಅವರ ತಲೆಯ ಮೇಲೆ. ಅದೇ ವರ್ಷದ ಚುನಾವಣೆಯಲ್ಲಿ ಅವರು ಸೋತರು.

ಬಾಂಡ್‌ಫೀಲ್ಡ್ ಅವರನ್ನು ಹಳಿಯಲು ನಾವು ಇದನ್ನು ಹೇಳುತ್ತಿಲ್ಲ. ಬಡವರ ಮನೆಯಿಂದ ಬಂದವರೇ ಕುರ್ಚಿಯಲ್ಲಿ ಕುಳಿತರೂ, ಬೊಕ್ಕಸದ ಮಾತು ಬಂದಾಗ ಬಡವರ ಮಾತು ಹಿಂದೆ ಬೀಳಬಹುದು. ಅನುಕೂಲಸ್ಥರ ಮನೆಯಿಂದ ಬಂದ ಯಶೋಧರಮ್ಮನವರು ಆ ಗಳಿಗೆಯಲ್ಲಿ ಬೊಕ್ಕಸದ ಮಾತನ್ನು ಒಪ್ಪಲಿಲ್ಲ. ಆದಕಾರಣ ಪ್ರತಿನಿಧಿಯನ್ನು ಅಳೆಯುವಾಗ ಅವರ ಜಾತಿ, ಮನೆತನ, ಪಕ್ಷಗಳನ್ನು ನೋಡಿದರೆ ಸಾಲದು. ಬೊಕ್ಕಸಕ್ಕೂ ಬಡವನ ಮನೆಗೂ ಜಗಳ ಬಿದ್ದ ದಿನ ಅವರು ಎಲ್ಲಿ ನಿಂತರು ಎಂಬುದನ್ನು ನೋಡಬೇಕು.

ಎದುರು ವಾದಗಳು

ಪಾನನಿರೋಧದ ವಿರುದ್ಧ ಹೇಳುವ ಮಾತುಗಳಲ್ಲಿ ಹುರುಳಿಲ್ಲವೆಂದು ನಾವು ಹೇಳುವುದಿಲ್ಲ. ಕಾಯಿದೆ ಇದ್ದಾಗ ಶ್ರೀಮಂತನಿಗೆ ಪರವಾನಗಿ ಸಿಕ್ಕುತ್ತದೆ, ಬಡವನಿಗೆ ಲಾಠಿ ಸಿಕ್ಕುತ್ತದೆ. ಕಳ್ಳಭಟ್ಟಿಯಿಂದ ಜನ ಸತ್ತದ್ದುಂಟು. ಮರದಿಂದ ಹೆಂಡ ಇಳಿಸಿ ಹೊಟ್ಟೆ ಹೊರೆಯುತ್ತಿದ್ದ ಈಡಿಗರ ಮನೆಗಳ ಒಲೆ ಆರಿದ್ದೂ ಉಂಟು, ಅವರೂ ಶ್ರಮಜೀವಿಗಳೇ. ಒಂದು ಕಸಬನ್ನು ಕಿತ್ತುಕೊಳ್ಳುವ ಸರ್ಕಾರ ಇನ್ನೊಂದು ಕಸಬನ್ನು ಕೊಡದೆ ಹೋದರೆ ಅದು ಸುಧಾರಣೆಯಲ್ಲ, ಅನ್ಯಾಯ. ಇವನ್ನೆಲ್ಲ ಒಪ್ಪಿಕೊಂಡೇ ನಾವು ಮಾತನಾಡಬೇಕು. ಬರಿಯ ಕಾಯಿದೆಯಿಂದ ಕುಡಿತ ನಿಲ್ಲುವುದಿಲ್ಲ ಎಂಬುದೂ ನಿಜ.

ಆದರೆ ಕಾಯಿದೆಯಿಂದ ಕುಡಿತ ನಿಲ್ಲದು ಎನ್ನುವವರು ಕಾಯಿದೆಯಿಂದ ಕುಡಿತವನ್ನು ಬೆಳೆಸಬಹುದು ಎಂಬುದನ್ನು ಏಕೆ ಮುಚ್ಚಿಡುತ್ತಾರೆ? ಇಷ್ಟು ಮಾರಲೇಬೇಕು, ಇಷ್ಟು ಆದಾಯ ತರಲೇಬೇಕು ಎಂದು ಇಲಾಖೆಗೆ ಗುರಿ ಹಾಕಿಕೊಡುವುದು ಬೆಳೆಸುವುದಲ್ಲದೆ ಮತ್ತೇನು? ಕರ್ನಾಟಕ ಸರ್ಕಾರ ೨೦೨೪–೨೫ರ ಬಜೆಟ್ಟಿನಲ್ಲಿ ಅಬ್ಕಾರಿಯಿಂದ ನಿರೀಕ್ಷಿಸಿದ ಆದಾಯ ೩೮,೫೨೫ ಕೋಟಿ ರೂಪಾಯಿ. ಇದರಲ್ಲಿ ಬಂಗಲೆಯವರ ಪಾಲೂ ಇದೆ, ಇಲ್ಲವೆನ್ನುವುದಿಲ್ಲ. ಆದರೆ ಬಂಗಲೆಯವನಿಗೆ ಅದು ಸಂಜೆಯ ಖರ್ಚು. ಕೂಲಿಯವನಿಗೆ ಅದು ಮಗುವಿನ ಹಾಲು.

ಅಂಗಡಿ ಎಲ್ಲಿರಬೇಕು, ಎಷ್ಟ್ರಿರಬೇಕು ಎಂಬುದನ್ನು ಕಂತ್ರಾಟುದಾರನೂ ಅಧಿಕಾರಿಯೂ ಕುಳಿತು ತೀರ್ಮಾನಿಸುತ್ತಾರೆ. ಅದರ ಕಷ್ಟ ತಿನ್ನುವ ಹೆಂಗಸನ್ನು ಯಾರು ಕೇಳುತ್ತಾರೆ? ಕೋಳಿಯನ್ನು ಕೇಳಿ ಮಸಾಲೆ ಅರೆಯುತ್ತಾರೆಯೇ ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜವಾಗಿದೆ.

ಹಾಗೆಂದು ಹೆಂಗಸರು ಸುಮ್ಮನೆ ಕುಳಿತಿಲ್ಲ. ೨೦೦೭ರ ಜುಲೈ ೧ರಿಂದ ಸರ್ಕಾರ ಸಾರಾಯಿಯನ್ನು ನಿಷೇಧಿಸಿತು; ಅಗ್ಗದ ಬೇರೆ ಮದ್ಯ ಆ ಜಾಗಕ್ಕೆ ಬಂದಿತು. ೨೦೧೯ರ ಜನವರಿಯಲ್ಲಿ ಸಾವಿರಾರು ಹಳ್ಳಿಯ ಹೆಂಗಸರು ಮದ್ಯ ನಿಷೇಧವನ್ನು ಕೇಳಿ ಚಿತ್ರದುರ್ಗದಿಂದ ಬೆಂಗಳೂರಿಗೆ ಕಾಲ್ನಡಿಗೆಯಲ್ಲಿ ಹೋದರು. ಹೊರಟದ್ದು ೧೯ರಂದು, ಮುಟ್ಟಿದ್ದು ೩೦ರಂದು, ಗಾಂಧೀಜಿ ಸತ್ತ ದಿನ. ಚಿತ್ರದುರ್ಗವೆಂದರೆ ತುರುವನೂರಿನ ಜಿಲ್ಲೆ. ೧೯೩೯ರಲ್ಲಿ ಕೊಡಲಿ ಹಿಡಿದು ಕೇಳಿದ್ದನ್ನು ೮೦ ವರ್ಷಗಳ ಮೇಲೆ ಬರಿಗಾಲಿನಲ್ಲಿ ನಡೆದು ಕೇಳಬೇಕಾಯಿತು.

ನಾವು ಮಾಡಬೇಕಾದ್ದು

ಯಶೋಧರಮ್ಮನವರಿಗೆ ಭಾರತ ಸರ್ಕಾರ ೧೯೭೨ರಲ್ಲಿ ಪದ್ಮಭೂಷಣ ಕೊಟ್ಟಿತು. ೧೯೮೦ರಲ್ಲಿ ಅವರು ತೀರಿಕೊಂಡರು. ಪದಕ ಕೊಟ್ಟ ಸರ್ಕಾರಗಳು ಅವರ ಪ್ರಶ್ನೆಗೆ ಮಾತ್ರ ಉತ್ತರ ಕೊಡಲಿಲ್ಲ. ಉತ್ತರವನ್ನು ನಾವೇ ಹುಡುಕಬೇಕು.

ಬೇಲೂರಿನ ಗುಡಿಯ ಶಿಲ್ಪಗಳಲ್ಲಿ ಕೆಲವಕ್ಕೆ ಕೆತ್ತಿದವರ ಹೆಸರಿದೆ: ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ಕಲ್ಲು ಹೊತ್ತ ಹೆಂಗಸಿನ, ಅವಳ ಕೂಸನ್ನು ನೋಡಿಕೊಂಡ ಮುದುಕಿಯ ಹೆಸರನ್ನು ನಾವು ಅಲ್ಲಿ ಓದಿಲ್ಲ. ಬೇಲೂರು, ಹಳೇಬೀಡುಗಳು ೨೦೨೩ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು, ಒಳ್ಳೆಯದೇ ಆಯಿತು. ನಮ್ಮ ಕಾರ್ಮಿಕ ಸಂಘಗಳ ಪಟ್ಟಿಯೂ ಆ ಗುಡಿಯ ಗೋಡೆಯಂತೆಯೇ ಇದೆ. ದುಡಿಯುವ ಗಂಡಸಿನ ಹೆಸರು ಸಿಕ್ಕುತ್ತದೆ, ಮನೆಯವಳದ್ದು ಸಿಕ್ಕುವುದಿಲ್ಲ. ಇದು ಮೊದಲು ಬದಲಾಗಬೇಕು. ಕೂಲಿಯ ಮಾತುಕತೆಗೆ ಕೂರುವ ಸಮಿತಿಯಲ್ಲಿ ಹೆಂಗಸರು ಇರಲಿ. ಇದ್ದರೆ ಕೂಲಿ ಎಷ್ಟು ಎಂಬುದರ ಜೊತೆಗೆ ಕೂಲಿ ಎಲ್ಲಿ ಹೋಗುತ್ತದೆ ಎಂಬ ಮಾತೂ ಮೇಜಿನ ಮೇಲೆ ಬರುತ್ತದೆ.

ಎರಡನೆಯದಾಗಿ, ಬಟವಾಡೆಗೂ ಮದ್ಯದ ಅಂಗಡಿಗೂ ನಡುವೆ ದೂರ ಇರಬೇಕು. ಬ್ರಿಟನ್ನಿನಲ್ಲಿ ಮದ್ಯದ ಅಂಗಡಿಯಲ್ಲಿ ಕೂಲಿ ಕೊಡುವ ಕೆಟ್ಟ ಪದ್ಧತಿ ಇತ್ತು. ೧೮೮೩ರಲ್ಲೇ ಅಲ್ಲಿಯ ಪಾರ್ಲಿಮೆಂಟು ಅದನ್ನು ಕಾಯಿದೆ ಮಾಡಿ ನಿಲ್ಲಿಸಿತು. ನಮ್ಮಲ್ಲಿ ಅಂಗಡಿಯೇ ಗಿರಣಿಯ ಹಾದಿಗೆ ಬಂದು ಕೂರುತ್ತದೆ. ಗಿರಣಿಯ ಹಾದಿಯಲ್ಲಿ, ತೋಟದ ಲೈನುಮನೆಗಳ ಬಳಿ ಅಂಗಡಿ ಬೇಡವೆಂದು ಗ್ರಾಮಸಭೆಯಲ್ಲೂ ಪುರಸಭೆಯ ಮುಂದೆಯೂ ಕೇಳೋಣ. ಬರೆದು ಕೇಳೋಣ, ರುಜು ಹಾಕಿ ಕೇಳೋಣ, ಹೆಂಗಸರನ್ನು ಮುಂದಿಟ್ಟುಕೊಂಡು ಕೇಳೋಣ.

ಮೂರನೆಯದು ವ್ಯಾಪಾರಿಗಳಿಗೆ. ಈ ವಿಷಯದಲ್ಲಿ ಕಾರ್ಮಿಕ ಸಂಘವೂ ವ್ಯಾಪಾರಿಗಳ ಸಂಘವೂ ಒಂದೇ ಅರ್ಜಿಗೆ ರುಜು ಹಾಕಬಹುದು. ಉದ್ರಿ ಚುಕ್ತಾ ಆಗುವುದು ನಿಮಗೆ ಬೇಕು, ಮನೆಯಲ್ಲಿ ಒಲೆ ಉರಿಯುವುದು ಅವರಿಗೆ ಬೇಕು. ಇಬ್ಬರ ಹಿತವೂ ಒಂದಾಗಿರುವ ಇಂಥ ಸಂದರ್ಭ ಅಪರೂಪ, ಕೈಬಿಡಬೇಡಿ.

ನಾಲ್ಕನೆಯದು ಎಲ್ಲರಿಗೂ. ಚುನಾವಣೆಯ ಕಾಲದಲ್ಲಿ ಓಟು ಕೇಳಲು ಬರುವವರು ಯಾವ ಪಕ್ಷದವರೇ ಆಗಲಿ, ನಮ್ಮ ಪಕ್ಷದವರೇ ಆಗಲಿ, ಎರಡು ಪ್ರಶ್ನೆ ಕೇಳಿ. ಹೆರಿಗೆಯ ೨೬ ವಾರದ ಸಂಬಳ ನಮ್ಮೂರಿನ ಗಿರಣಿಯಲ್ಲಿ, ನಮ್ಮ ತೋಟದಲ್ಲಿ ಎಷ್ಟು ಹೆಂಗಸರಿಗೆ ಸಿಕ್ಕಿದೆ ಎಂದು ಎಂದಾದರೂ ವಿಚಾರಿಸಿದ್ದೀರಾ ಎಂಬುದು ಮೊದಲನೆಯದು. ಮದ್ಯದ ಆದಾಯವನ್ನು ವರ್ಷವರ್ಷವೂ ಏರಿಸುವ ಬಜೆಟ್ಟು ಬಂದಾಗ ಕೈ ಎತ್ತುವಿರೋ, ಎದ್ದು ನಿಲ್ಲುವಿರೋ ಎಂಬುದು ಎರಡನೆಯದು. ಅದೇ ಸಂಜೆ ಎರಡನೆಯ ಪ್ರಶ್ನೆಗೆ ಉತ್ತರವಾಗಿ ಬಾಟಲಿ ಹಂಚಿದರೆ, ಉತ್ತರ ನಿಮಗೆ ಸಿಕ್ಕಿದಂತೆಯೇ!

ಕಡೆಯದಾಗಿ ಗಂಡಸರಿಗೆ ಒಂದು ಮಾತು. ಸರ್ಕಾರದ ಮೇಲೆ ಬೆರಳು ತೋರಿಸುವುದು ಸುಲಭ, ತೋರಿಸಲೂ ಬೇಕು. ಆದರೆ ಮಂತ್ರಿಯೊಬ್ಬರು ನಮ್ಮ ಮನೆಯ ಒಲೆಗಾಗಿ ತಮ್ಮ ಪದವಿಯನ್ನು ಬಿಡಬಲ್ಲವರಾದರೆ, ಆ ಒಲೆಯ ಯಜಮಾನರಾದ ನಾವು ಒಂದು ಸಂಜೆಯ ಲೋಟವನ್ನು ಬಿಡಲಾರೆವೇ? ಗೆದ್ದ ಕೂಲಿಯನ್ನು ಮನೆಗೆ ಮುಟ್ಟಿಸುವವರೆಗೂ ಹೋರಾಟ ಮುಗಿದಿಲ್ಲ ಎಂದು ತಿಳಿಯೋಣ. ಈ ಸಲದ ಬಟವಾಡೆಯಿಂದಲೇ ಮೊದಲು ಮಾಡೋಣ.